ಜವರಮ್ಮ ಎದ್ದು ನಿಲ್ಲಲಿಲ್ಲ

ಉಸಿರಾಡುವುದೂ ಒಂದು ಕೆಲಸ ಅಂತ ನನಗೆ ಗೊತ್ತಾದದ್ದು ಆ ಕೆಲಸ ನನ್ನ ಕೈಯಲ್ಲಿ ಆಗದೆ ಹೋದಾಗ. ಆಮೇಲೆ ಎಷ್ಟೋ ಜನ ಕೇಳಿದ್ದಾರೆ, ‘ಆಗ ನಿಂಗೆ ಪ್ರಜ್ಞೆ ಇತ್ತಾ? ಏನಾದ್ರೂ ಗೊತ್ತಾಗ್ತಿತ್ತಾ?’ ಅಂತ. ಇತ್ತು. ಎಲ್ಲಾ ಗೊತ್ತಾಗುತ್ತಿತ್ತು. ನನ್ನ ಮಂಚದ ಪಕ್ಕ ನಿಂತು ಯಾರು ಯಾರು ಏನೇನು ಅಂದರು ಅಂತ ಇವತ್ತಿಗೂ ಒಪ್ಪಿಸಬಲ್ಲೆ. ಕೆಲವರಿಗೆ ಅದು ಅಷ್ಟು ಹಿತವಾಗಲಾರದು. ಆದರೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದವರ ಪಕ್ಕ ದಿಕ್ಕು ತೋಚದೆ ಕೂತವರು ಇರುತ್ತಾರಲ್ಲ, ಅವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹನಗೋಡಿನ ಹತ್ತಿರದ ಹಳ್ಳಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಲಕ್ಷ್ಮಣತೀರ್ಥದ ನಾಲೆಗೆ ನೀರು ಬಿಟ್ಟು ಊರೆಲ್ಲ ನಾಟಿಗೆ ಇಳಿದಿತ್ತು. ಒಂದು ಬೆಳಗ್ಗೆ ಚಾಪೆಯಿಂದ ಏಳುವಾಗ ನನಗೆ ಹೊಟ್ಟೆ ಹಿಂಡಿದ ಹಾಗೆ ನೋವು. ನಮ್ಮತ್ತೆ ಕಾಳಮ್ಮ ಓಮದ ಕಷಾಯ ಕುಡಿಸಿದರು. ಸ್ವಲ್ಪ ಹೊತ್ತಿಗೆ ರೆಪ್ಪೆ ತೂಗತೊಡಗಿತು. ಒಲೆ ಮುಂದೆ ಕೂತು ತೂಕಡಿಸುತ್ತಿದ್ದೇನೆ ಅಂತ ಅತ್ತೆ ಗದರಿದರು. ಇಲ್ಲ ಅತ್ತೆ ಅನ್ನೋಣ ಅಂತ ಬಾಯಿ ತೆರೆದರೆ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಚಾಪೆ ಸುತ್ತಲು ಹೋದ ನಮ್ಮ ಯಜಮಾನರು ಶಿವಣ್ಣ ಅಲ್ಲಿಂದಲೇ ಕೂಗಿಕೊಂಡರು. ಚಾಪೆಯ ಕೆಳಗೆ ಕಪ್ಪಗೆ ಮಿರಮಿರ ಮಿಂಚುವ ಮೈ ಮೇಲೆ ಬಿಳಿ ಬಳೆಗಳಿದ್ದ ಕಟ್ಟುಹಾವು ಮಲಗಿತ್ತು. ಕಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ, ಇರುವೆ ಕಚ್ಚಿದಷ್ಟೂ ನೋವಿರಲಿಲ್ಲ.

ಗೊಬ್ಬರ ಇಳಿಸಲು ಬಂದಿದ್ದ ಲಾರಿಯಲ್ಲಿ ನನ್ನನ್ನು ಹುಣಸೂರಿಗೆ ಹಾಕಿಕೊಂಡು ಬಂದರು. ನಾಲ್ಕು ವರ್ಷದ ಮಗಳು ಲಾರಿಯ ಹಿಂದೆ ಓಡಿ ಬಂದು ಅತ್ತಳು. ಅವಳನ್ನು ನೋಡಬೇಕು ಅಂದರೆ ರೆಪ್ಪೆಯನ್ನು ಬೆರಳಲ್ಲಿ ಎತ್ತಬೇಕಿತ್ತು, ಬೆರಳು ಏಳಲಿಲ್ಲ. ಉಸಿರು ಚಿಕ್ಕದಾಗುತ್ತಾ ಬಂತು. ಆಗ ಹುಣಸೂರಿನ ಆಚೆ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆ ಇತ್ತು. ಅಲ್ಲಿ ನನ್ನ ಬಾಯೊಳಗೆ ಒಂದು ಕೊಳವೆ ಇಳಿಸಿದರು. ಅದರ ಹೊರತುದಿಗೆ ಒಂದು ರಬ್ಬರಿನ ಚೀಲ. ಚೀಲ ಒತ್ತಿದರೆ ಗಾಳಿ ನನ್ನ ಎದೆಗೆ ಹೋಗಬೇಕು, ಬಿಟ್ಟರೆ ಹೊರಗೆ ಬರಬೇಕು. ಹಾವಿನ ವಿಷಕ್ಕೆ ಇಂಜೆಕ್ಷನ್ ಕೊಟ್ಟಾಗಿತ್ತು. ವಿಷ ಇಳಿದು ಮೈ ತಾನಾಗಿ ಎಚ್ಚರಾಗುವವರೆಗೆ ಯಾರಾದರೂ ಚೀಲ ಒತ್ತುತ್ತಲೇ ಇರಬೇಕು. ಒತ್ತುವ ಯಂತ್ರ ಅಲ್ಲಿರಲಿಲ್ಲ, ಮೈಸೂರಿಗೆ ಸಾಗಿಸಿದರೆ ದಾರಿಯಲ್ಲೇ ಹೋಗುತ್ತೇನೆ ಅಂತ ಡಾಕ್ಟರಿಗೆ ಭಯ. ಇಡೀ ಆಸ್ಪತ್ರೆಗೆ ಇದ್ದ ನರ್ಸುಗಳಿಗೆ ಹೆರಿಗೆ ಕೋಣೆಯಿಂದ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಹಾಗಾಗಿ ನನ್ನ ಉಸಿರು ನಮ್ಮ ಮನೆಯವರ ಕೈಗೆ ಬಂತು.

ಅದನ್ನು ಕಲಿಸಿಕೊಟ್ಟವರು ಸಿಸ್ಟರ್ ತ್ರೇಸಿಯಾ. ಕೇರಳದವರು. ಪ್ರತಿ ಮಾತಿನ ಕೊನೆಗೆ ‘ಕೇಟ್ಟೋ’ ಅನ್ನುತ್ತಿದ್ದರು, ಕೇಳಿತಾ ಅಂತ.

“ಅಮ್ಮಾ, ಲೆಕ್ಕ ಬೇಡ. ನಿಮ್ಮ ಶ್ವಾಸ ನೋಡಿ. ನೀವು ಶ್ವಾಸ ತಗೊಳ್ಳುವಾಗ ಒತ್ತಿ, ನೀವು ಬಿಡುವಾಗ ಬಿಡಿ. ನಿಮಗೆ ಎಷ್ಟೋ ಅವಳಿಗೂ ಅಷ್ಟೇ. ನಿಲ್ಲಿಸಬಾರದು, ಕೇಟ್ಟೋ?”

ಅಲ್ಲಿಂದ ಮುಂದಿನದ್ದು ನನಗೆ ಕನಸಿನ ಹಾಗೆ ನೆನಪಿದೆ, ಆದರೆ ಒಂದು ಚೂರೂ ಮರೆತಿಲ್ಲ. ಮುಚ್ಚಿದ ರೆಪ್ಪೆಯ ಒಳಗೆ ಬೆಳಕು ಕೆಂಪಗೆ ಕಾಣುತ್ತಿತ್ತು. ಸಿಸ್ಟರು ಬಂದು ಕಣ್ಣು ಒಣಗದಿರಲಿ ಅಂತ ಒದ್ದೆ ಬಟ್ಟೆ ಹಾಕಿದರೆ ಕೆಂಪು ಹೋಗಿ ಹಸಿರಾಗುತ್ತಿತ್ತು, ಯಾಕೋ ಗೊತ್ತಿಲ್ಲ. ನಾನು ಗದ್ದೆಯಾಗಿದ್ದೆ. ಯಾರೋ ಮಡಿಯ ಬಾಯಿ ಬಿಡಿಸುತ್ತಾರೆ, ನೀರು ತಣ್ಣಗೆ ಮೂಲೆ ಮೂಲೆಗೆ ಹರಿಯುತ್ತದೆ, ಆಮೇಲೆ ಬಸಿದು ಹೋಗುತ್ತದೆ. ಮತ್ತೆ ಬಿಡಿಸುತ್ತಾರೆ. ವರಾಂಡದ ಮಂಚದಲ್ಲಿ ಬೈಲಕುಪ್ಪೆಯ ಟಿಬೆಟಿನ ಮುದುಕಿಯೊಬ್ಬರಿದ್ದರಂತೆ. ಅವರು ಹಗಲಿಡೀ ಮಣಿಸರ ಎಣಿಸುತ್ತಾ ಗುನುಗುನು ಅನ್ನುತ್ತಿದ್ದರು. ನಾನು ಅದನ್ನು ನಾಲೆಯ ಸದ್ದು ಅಂತ ತಿಳಿದು, ಪರವಾಗಿಲ್ಲ, ನೀರು ಇನ್ನೂ ಬರುತ್ತಿದೆ ಅಂದುಕೊಂಡು ಸಮಾಧಾನಪಡುತ್ತಿದ್ದೆ.

ಯಾರು ಒತ್ತುತ್ತಿದ್ದಾರೆ ಅಂತ ಹೇಳಲು ಕಣ್ಣು ಬೇಕಿರಲಿಲ್ಲ. ನಮ್ಮ ಯಜಮಾನರದ್ದು ಹೆದರಿದ ಉಸಿರು. ಕುರಿಮರಿ ಹಾಲು ಕುಡಿದ ಹಾಗೆ ಚಿಕ್ಕ ಚಿಕ್ಕದು, ಬೇಗ ಬೇಗ. ಮದುವೆಯಾಗಿ ಆರು ವರ್ಷವಾದರೂ ಈ ಮನುಷ್ಯ ಒಳಗೊಳಗೆ ಇಷ್ಟು ಹೆದರುತ್ತಾರೆ ಅಂತ ನನಗೆ ತಿಳಿದಿರಲಿಲ್ಲ, ಹೊರಗೆ ಮೀಸೆ ಮಾತ್ರ ದೊಡ್ಡದು. ಅತ್ತೆಯದು ಉದ್ದ, ತುದಿಯಲ್ಲಿ ಒಂದು ನಿಟ್ಟುಸಿರು. ಆ ನಿಟ್ಟುಸಿರನ್ನೂ ನಾನೇ ಬಿಡಬೇಕಾಗಿತ್ತು. ಯಾರಾದರೂ ಮಾತಾಡಿಸಿದರೆ ಅತ್ತೆಯ ಕೈ ನಿಧಾನವಾಗುತ್ತಿತ್ತು, ಮಾತು ಮುಗಿಯುವವರೆಗೆ ನಾನು ಕಾಯಬೇಕಿತ್ತು. ನಮ್ಮತ್ತೆಯ ಮಾತು ಮುಗಿಯುವುದು ಅಂದರೆ ಏನು ಅಂತ ಊರಿಗೆಲ್ಲ ಗೊತ್ತು.

ಇದೆಲ್ಲ ತಡೆದುಕೊಳ್ಳುವಂಥದ್ದೇ. ತಡೆಯಲಾರದ್ದು ಬೂಟಿನ ಸದ್ದು.

ಡಾಕ್ಟರು ಒಳ್ಳೆಯವರು, ಮೆಲುಮಾತಿನವರು. ಅವರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಿದ್ದರು. ನನ್ನ ಕೋಣೆ ವರಾಂಡದ ಕೊನೆಯಲ್ಲಿತ್ತು. ಆ ತುದಿಯಲ್ಲಿ ಟಪ್ ಟಪ್ ಅಂತ ಬೂಟು ಕೇಳಿಸಿದ ಕೂಡಲೇ ನಮ್ಮವರು ಚೀಲವನ್ನು ನನ್ನ ಎದೆಯ ಮೇಲೆ ಮೆತ್ತಗೆ ಇಟ್ಟು, ಎದ್ದು, ಟವೆಲ್ಲು ಹೆಗಲಿನಿಂದ ತೆಗೆದು, ಕೈ ಜೋಡಿಸಿ ನಿಂತುಬಿಡುತ್ತಿದ್ದರು. ಅತ್ತೆಯೂ ಅಷ್ಟೇ, ಸೆರಗು ಹೊದ್ದುಕೊಂಡು. ದೊಡ್ಡವರು ಬರುವಾಗ ಕೂತಿರುವುದು ಎಲ್ಲಿಯಾದರೂ ಉಂಟೇ? ನಮ್ಮ ಕಡೆ ಎದ್ದು ನಿಲ್ಲುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಡಾಕ್ಟರು ಅಂದರೆ ಅವರಿಗೆ ದೇವರ ಸಮಾನ. ದೇವರೇ ಬಂದ ಮೇಲೆ ನಮ್ಮ ಕೈ ಯಾಕೆ ಅಂತಲೂ ಇದ್ದಿರಬೇಕು. ಆದರೆ ದೇವರು ನೆಟ್ಟಗೆ ನನ್ನ ಹತ್ತಿರ ಬರುತ್ತಿರಲಿಲ್ಲ. ವರಾಂಡದಲ್ಲಿ ಟಿಬೆಟಿನ ಅಜ್ಜಿಯ ನಾಡಿ ಹಿಡಿದು, ಪಕ್ಕದ ಮಂಚದವರ ಹೊಟ್ಟೆ ಒತ್ತಿ ನೋಡಿ, ಸಿಸ್ಟರಿಗೆ ಏನೋ ಹೇಳಿ ಆಮೇಲೆ ಬರುತ್ತಿದ್ದರು. ಅಷ್ಟು ಹೊತ್ತೂ ನನ್ನ ಮಂಚದ ಸುತ್ತ ಎಲ್ಲರೂ ಭಕ್ತಿಯಿಂದ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ನನಗೆ ಹಿಡಿಯಲು ಉಸಿರೇ ಇರಲಿಲ್ಲ.

ಒಳಗಿನಿಂದ ಅದು ಹೇಗಿರುತ್ತದೆ ಅಂತ ಹೇಳುತ್ತೇನೆ. ಮೊದಲು ಕೆಂಪು ಬೆಳಕು ನೇರಳೆಯಾಗುತ್ತದೆ. ಒತ್ರೀ, ಒತ್ರೀ ಅಂತ ನಾನು ಕಿರುಚುತ್ತೇನೆ, ತುಟಿ ಅಲ್ಲಾಡುವುದಿಲ್ಲ. ಕಾಲ್ಬೆರಳು ಮಡಿಸಬೇಕು ಅಂತ ಇಡೀ ಜೀವವನ್ನು ಕಾಲಿಗೆ ಕಳಿಸುತ್ತೇನೆ, ಅದು ಮೊಣಕಾಲಿನ ಹತ್ತಿರ ಎಲ್ಲೋ ದಾರಿ ತಪ್ಪುತ್ತದೆ. ಆಮೇಲೆ ಭಯವೂ ದೂರವಾಗಿ ನಾನು ಹನಗೋಡಿನ ಅಣೆಕಟ್ಟೆಯ ಹಿನ್ನೀರಿನ ತಳದಲ್ಲಿ ಮಲಗಿರುತ್ತೇನೆ, ಮೇಲೆ ಎಮ್ಮೆಗಳು ಈಜಿಕೊಂಡು ಹೋಗುತ್ತಿರುತ್ತವೆ. ಅವುಗಳ ಹೊಟ್ಟೆ ನೋಡುತ್ತಾ ಸುಖವಾಗಿರುತ್ತದೆ. ಆ ಸುಖವನ್ನು ನೆನೆದರೆ ನನಗೆ ಈಗಲೂ ಭಯ. ಅಷ್ಟರಲ್ಲಿ ಬಾಗಿಲ ಹತ್ತಿರ ಸಿಸ್ಟರು, ‘ಅಯ್ಯೋ ಯಾಕೆ ಬಿಟ್ಟಿರಿ?’ ಅಂತ ಓಡಿ ಬಂದು ಚೀಲ ಹಿಡಿಯುತ್ತಿದ್ದರು. ಈಗ ತಾನೇ ಬಿಟ್ಟರು ಅಂತ ಅವರು ತಿಳಿದಿದ್ದರು. ಡಾಕ್ಟರಿಗೆ ಕಾಣುತ್ತಿದ್ದದ್ದು ನೀಲಿಗಟ್ಟಿದ ಒಂದು ಹೆಂಗಸು ಮಾತ್ರ.

ಎರಡು ಮೂರು ಸಲ ಹೀಗಾದ ಮೇಲೆ ಒಂದು ಬೆಳಗ್ಗೆ ಡಾಕ್ಟರು ನಮ್ಮ ಯಜಮಾನರನ್ನು ನನ್ನ ಮಂಚದ ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳಿದರು.

“ನೋಡಿ ಶಿವಣ್ಣ, ನಾನು ಬಂದಾಗಲೆಲ್ಲ ಬಣ್ಣ ಹೀಗೇ ಇದೆ. ಇಷ್ಟು ಹೊತ್ತಿಗೆ ಸ್ವಲ್ಪನಾದ್ರೂ ತಿರುಗಿಕೋಬೇಕಿತ್ತು. ಮಿದುಳು ಉಳಿದಿದೆ ಅಂತ ನನಗೆ ಧೈರ್ಯವಾಗಿ ಹೇಳೋಕಾಗ್ತಿಲ್ಲ. ಮನೆಗೆ ಕರ್ಕೊಂಡು ಹೋಗೋ ಮನಸ್ಸಿದ್ರೆ ನಾನು ಬೇಡ ಅನ್ನಲ್ಲ. ಸಂಜೆ ಬಂದಾಗ ಹೇಳಿ.”

ಅವರು ಹೋದ ಮೇಲೆ ಯಜಮಾನರು ಮತ್ತೆ ಚೀಲ ಹಿಡಿದು ಕೂತರು. ಅವರ ಉಸಿರು ನನ್ನ ಎದೆಯೊಳಗೆ ತಡವರಿಸುತ್ತಿತ್ತು. ಆಮೇಲೆ ಅತ್ತೆ ಬಾಯಿ ಬಿಟ್ಟರು.

“ಆಚೆ ಕಡೆ ಉಸ್ರೋದ್ರೆ ಊರೊಳಕ್ಕೆ ತರಾಕೆ ಬುಡಾಕಿಲ್ಲ ಕಣಪ್ಪ. ಊರಾಚೆಯಿಂದ್ಲೇ ಮಣ್ಣು ಮಾಡ್ಬೇಕು. ನನ್ ಸೊಸೆ ದಿಕ್ಕಿಲ್ದೋಳಂಗೆ ಬೇಲಿ ಮಗ್ಗುಲಾಗೆ ಮನಗಬೇಕಾ? ವ್ಯಾನ್ ಮಾಡ್ಕೊಂಬಾ. ಹೊಸಿಲು ದಾಟೋಗಂಟ ಒತ್ಕೊಂಡೋಗಾನ. ನಡುಮನೇಲಿ ಮನಗಿಸಿ, ದೀಪ ಹಚ್ಚಿ, ಮಗೀನ್ ಕೈಲಿ ಬಾಯ್ಗೆ ನೀರು ಬುಡ್ಸಿ, ಆಮ್ಯಾಕೆ ಕೈ ತಗಿಯಾನ.”

ಹೇಳುತ್ತಾ ಹೇಳುತ್ತಾ ಅವರು ಅತ್ತರು. ನನ್ನ ಹಣೆಯ ಮೇಲಿನ ಕೂದಲು ಸರಿಸಿದರು. ಪ್ರೀತಿ ಇಲ್ಲದ ಅತ್ತೆಯಾಗಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ನಾನು ಗೌರವವಾಗಿ ಸಾಯಲಿ ಅಂತ ಅವರು ಇದ್ದಬದ್ದ ಪ್ರೀತಿಯನ್ನೆಲ್ಲ ಸುರಿಯುತ್ತಿದ್ದರು. ನನ್ನ ಮಗಳ ಪುಟ್ಟ ಕೈಯಲ್ಲಿ ಒಂದು ಉದ್ಧರಣೆ ನೀರು ನನ್ನ ಬಾಯಿಗೆ ಬೀಳುವುದು, ಅದನ್ನು ನುಂಗಲಾರದೆ ಉಸಿರು ಕಟ್ಟುವುದು, ಅಷ್ಟರಲ್ಲಿ ಚೀಲವೂ ನಿಲ್ಲುವುದು, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ನನಗೆ ಬದುಕಬೇಕಿತ್ತು. ಅದನ್ನು ಹೇಳಲು ಇಡೀ ಮೈಯಲ್ಲಿ ಒಂದು ಕೂದಲೂ ನನ್ನ ಮಾತು ಕೇಳುತ್ತಿರಲಿಲ್ಲ.

ಯಜಮಾನರು ಎದ್ದರು. ಅತ್ತೆಯ ಕೈಗೆ ಚೀಲ ಕೊಟ್ಟು ವ್ಯಾನು ನೋಡಲು ಹೋದರು.

ಮಧ್ಯಾಹ್ನದ ಬಸ್ಸಿಗೆ ಊರಿಂದ ಜವರಮ್ಮ ಬಂದಳು. ಇವಳ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಗದ್ದೆಯ ಪಕ್ಕದ ಗದ್ದೆ ಅವಳದು, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನಾಲೆ ನೀರಿನ ಸರದಿಗೆ ಜಗಳವಾಗಿ ನಾವಿಬ್ಬರೂ ಮಾತು ಬಿಟ್ಟು ಒಂದು ಬೇಸಿಗೆ ಕಳೆದಿತ್ತು. ಊರಲ್ಲಿ ಅವಳಿಗೆ ಸೊಕ್ಕಿನವಳು ಅಂತಲೇ ಹೆಸರು. ಪಟೇಲರು ದಾರಿಯಲ್ಲಿ ಬಂದರೂ ಕೂತ ಕಲ್ಲಿನಿಂದ ಏಳುವವಳಲ್ಲ. ‘ಅವ್ರ ಪಾಡ್ಗೆ ಅವ್ರೊಯ್ತಾರೆ, ನನ್ನ ಪಾಡ್ಗೆ ನಾನ್ ಕುಂತಿವ್ನಿ’ ಅನ್ನುವಳು. ಆದರೆ ನಾಟಿಯಲ್ಲಿ ನಾವು ಮುಯ್ಯಾಳು: ಅವಳ ಗದ್ದೆಗೆ ನಾನು, ನನ್ನ ಗದ್ದೆಗೆ ಅವಳು, ಕೂಲಿ ಗೀಲಿ ಇಲ್ಲ. ಮಾತು ಬಿಟ್ಟರೂ ಮುಯ್ಯಿ ಬಿಡುವ ಹಾಗಿಲ್ಲ. ಆ ವರ್ಷವೂ ಅವಳ ಗದ್ದೆಯಲ್ಲಿ ಮೂತಿ ತಿರುಗಿಸಿಕೊಂಡೇ ನಾಟಿ ಹಾಕಿ ಬಂದಿದ್ದೆ.

“ತತ್ತಾ ಇತ್ತ. ನೀನೋಗಿ ಒಂದ್ ತುತ್ತು ಉಣ್ಣೋಗವ್ವ” ಅಂತ ಅತ್ತೆಯಿಂದ ಚೀಲ ಇಸಿದುಕೊಂಡಳು. ಮೊದಲ ಉಸಿರಿಗೇ ನನಗೆ ಗೊತ್ತಾಯಿತು. ಬಗ್ಗಿ ಪೈರು ಊರುವ ಲಯವದು. ಒತ್ತು, ಬಿಡು, ಹಿಂದಕ್ಕೆ ಒಂದು ಹೆಜ್ಜೆ. ಎದೆಯ ಮೂಲೆ ಮೂಲೆಗೆ ನೀರು ತುಂಬಿತು. ಅಷ್ಟು ದೊಡ್ಡ ಉಸಿರು ನನಗೆ ಅಲ್ಲಿಗೆ ಬಂದ ಮೇಲೆ ಯಾರೂ ಕೊಟ್ಟಿರಲಿಲ್ಲ.

ಮತ್ತು ಅವಳು ಮಾತಾಡಿದಳು. ಅದುವರೆಗೆ ಎಲ್ಲರೂ ನನ್ನ ಬಗ್ಗೆ ಮಾತಾಡಿದ್ದರು. ಅವಳು ನನ್ನ ಜೊತೆ ಮಾತಾಡಿದಳು, ಅದೂ ಜಗಳ.

“ಏನೇ, ಆರಾಮಾಗಿ ಮನಗಿದಿಯಾ? ನಿನ್ ಗದ್ದೆ ನಾಟಿ ಯಾರ್ ಮಾಡ್ತಾರೆ ಅಂದ್ಕಂಡಿದ್ದೀಯೆ, ನಿಮ್ಮಪ್ಪ ಬತ್ತಾನಾ? ನಾವೇ ಹೆಂಗಸ್ರು ಸೇರ್ಕಂಡು ಹಾಕಿವಿ. ನಿನ್ ಮಗ್ಳು ನಮ್ಮನೇಲವ್ಳೆ. ಮುದ್ದೆ ನುಂಗಾಕಿಲ್ಲ, ಬರೀ ಬೆಲ್ಲ ಕೇಳ್ತಾಳೆ. ನಿನ್ನಂಗೇ ಹಟ. ನೀನೆದ್ದು ಬಂದು ಸಾಕ್ಕೊ, ನನ್ ಕೈಲಾಗಾಕಿಲ್ಲ.”

ನಾನು ಒಳಗೊಳಗೇ ಅತ್ತುಬಿಟ್ಟೆ. ಕಣ್ಣಿನಿಂದ ನೀರು ಬಂತೋ ಇಲ್ಲವೋ ಗೊತ್ತಿಲ್ಲ, ಬಂದಿದ್ದರೂ ಅದು ಒದ್ದೆ ಬಟ್ಟೆಯ ನೀರು ಅಂದುಕೊಂಡಿರುತ್ತಾರೆ.

ಸಂಜೆ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಯಜಮಾನರು ಒಳಗೆ ಬಂದು ಗೋಡೆಗೆ ಒರಗಿದರು. ಆಗ ಆ ತುದಿಯಲ್ಲಿ ಟಪ್ ಟಪ್ ಶುರುವಾಯಿತು. ಯಜಮಾನರ ಟವೆಲ್ಲು ಹೆಗಲಿನಿಂದ ಇಳಿದ ಸದ್ದು ನನಗೆ ಕೇಳಿಸಿತು. ಈಗ ಬಿಡುತ್ತಾಳೆ, ಈಗ ಬಿಡುತ್ತಾಳೆ ಅಂತ ಕಾದೆ.

“ಏಳೇ ಜವರಿ, ಡಾಕ್ಟ್ರು ಬತ್ತಾವ್ರೆ” ಅಂತ ಅತ್ತೆ ಪಿಸುಗುಟ್ಟಿದರು.

“ಬರ್ಲಿ ಬುಡು.”

“ಏಳೇ, ಮರ್ವಾದೆ ಇಲ್ವಾ ನಿಂಗೆ?”

“ಇವ್ಳಿಗೆ ಉಸ್ರು ಕೊಡ್ಲಾ, ಅವ್ರಿಗೆ ಮರ್ವಾದೆ ಕೊಡ್ಲಾ? ಇರಾದು ಎಲ್ಡೇ ಕೈ.”

ಒತ್ತು, ಬಿಡು, ಒತ್ತು, ಬಿಡು. ಬೂಟು ಅಜ್ಜಿಯ ಹತ್ತಿರ ನಿಂತಿತು, ಪಕ್ಕದ ಮಂಚದ ಹತ್ತಿರ ನಿಂತಿತು, ಒಳಗೆ ಬಂತು. ಜವರಮ್ಮ ಕೂತೇ ಇದ್ದಳು. ಕೋಣೆಯಲ್ಲಿ ಚೀಲದ ಉಸ್ಸು ಬುಸ್ಸು ಬಿಟ್ಟರೆ ಬೇರೆ ಸದ್ದಿಲ್ಲ. ಡಾಕ್ಟರ ಬೆರಳು ನನ್ನ ತುಟಿಯನ್ನು ಎತ್ತಿತು, ಉಗುರನ್ನು ಒತ್ತಿತು, ರೆಪ್ಪೆಯನ್ನು ಬಿಡಿಸಿತು. ಒಂದು ದೊಡ್ಡ ಬಿಳಿ ಬೆಳಕು, ಅದರ ನಡುವೆ ಕನ್ನಡಕ.

“ಇವಳು ಕೆಂಪಗಿದ್ದಾಳಲ್ಲ!” ಅಂದರು. “ಯಾವಾಗಿಂದ ಹೀಗಿದ್ದಾಳೆ?”

ಅತ್ತೆ ಅಡ್ಡ ಬಂದು, “ತಪ್ಪಾಯ್ತು ಬುದ್ದಿ, ಹಳ್ಳಿ ಹೆಂಗ್ಸು, ಎದ್ ನಿಲ್ಲಾಕೂ ಗೊತ್ತಿಲ್ಲ” ಅಂದರು.

ಡಾಕ್ಟರು ನನ್ನ ರೆಪ್ಪೆ ಬಿಟ್ಟರು. ಆಮೇಲೆ ನಿಧಾನವಾಗಿ ಕೇಳಿದರು, “ನಾನು ಬಂದಾಗಲೆಲ್ಲ ನೀವು ಎದ್ದು ನಿಲ್ತಿದ್ರಾ?”

“ಊ ಬುದ್ದಿ. ಬೂಟ್ ಸದ್ದು ಕೇಳ್ದೇಟ್ಗೇ ನಿಲ್ತಿದ್ವಿ.”

ತಪ್ಪು ಮಾಡದ ಮಕ್ಕಳ ಹಾಗೆ ಹೆಮ್ಮೆಯಿಂದ ಹೇಳಿದರು ನಮ್ಮತ್ತೆ. ಸಿಸ್ಟರು ‘ಎನ್ಡೆ ಈಶೋಯೆ’ ಅಂತ ತಮ್ಮ ದೇವರನ್ನು ಕರೆದರು. ಡಾಕ್ಟರು ಏನೂ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಜವರಮ್ಮನ ಕೈಯಿಂದ ಚೀಲ ತೆಗೆದುಕೊಂಡು ತಾವೇ ಒಂದಷ್ಟು ಹೊತ್ತು ಒತ್ತಿದರು. ಬಹಳ ದಣಿದ ಮನುಷ್ಯನ ಉಸಿರು ಅದು. ವ್ಯಾನು ವಾಪಸು ಹೋಯಿತು. ಮರುದಿನದಿಂದ ಅವರು ಬೂಟನ್ನು ವರಾಂಡದ ಆ ತುದಿಯಲ್ಲೇ ಬಿಟ್ಟು ಬರಿಗಾಲಿನಲ್ಲಿ ಬರುತ್ತಿದ್ದರು. ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಆಮೇಲೆ ನನ್ನ ಉಸಿರು ಊರಿನ ನಾಟಿಯ ಹಾಗೆ ನಡೆಯಿತು. ಬೆಳಗಿನ ಬಸ್ಸಿಗೆ ಇಬ್ಬರು ಹೆಂಗಸರು ಬರುವರು, ಸಂಜೆ ಬಸ್ಸಿಗೆ ಹಿಂದಿನವರು ಹೋಗುವರು. ಅತ್ತೆಯೂ ಯಜಮಾನರೂ ತಮ್ಮ ಸರದಿ ಒತ್ತುತ್ತಿದ್ದರು, ಈಗ ಯಾರು ಬಂದರೂ ಏಳದೆ. ಜವರಮ್ಮ ಮಾತ್ರ ಊರಿಗೆ ಹೋಗಲಿಲ್ಲ. ಬಂದವರಿಗೆಲ್ಲ, “ಮಾತಾಡ್ರೇ ಅವ್ಳ ಜೊತೆ, ಸುಮ್ಗೆ ಒತ್ತಿದ್ರೆ ಅವ್ಳಿಗೆ ಬೇಜಾರಾಯ್ತದೆ” ಅಂತ ತಾಕೀತು ಮಾಡುತ್ತಿದ್ದಳು. ಹಾಗಾಗಿ ಮಲಗಿದಲ್ಲೇ ನನಗೆ ಊರ ಸುದ್ದಿಯೆಲ್ಲ ಬಂತು, ಎದ್ದು ಓಡಾಡುವಾಗ ಅದರಲ್ಲಿ ಕಾಲುಭಾಗವೂ ಸಿಗುತ್ತಿರಲಿಲ್ಲ.

ಒಂದು ದಿನ ಹಾಗೇ ಅವಳ ಉಸಿರು ಒಳಗೆ ಬರುತ್ತಿದ್ದಾಗ ನನ್ನ ಪಕ್ಕೆಯೊಳಗೆ ಏನೋ ಅಲುಗಿತು. ಅವಳು ಒತ್ತುವುದಕ್ಕೂ ಮೊದಲೇ ನಾನು ಒಂಚೂರು ಎಳೆದುಕೊಂಡೆ.

ಜವರಮ್ಮ ಕೂಗಿದಳು, “ಸಿಸ್ಟರಮ್ಮೋ! ಬನ್ನಿ ಇಲ್ಲಿ! ಇವ್ಳು ನನ್ ಕೈಗೆ ಎದುರಾಡ್ತಾವ್ಳೆ!”

ಸಿಸ್ಟರು ಓಡಿ ಬಂದು ನೋಡಿ, ನಗುತ್ತಾ, ಅಳುತ್ತಾ, “ಎದುರಾಡಲಿ, ಎದುರಾಡಲಿ, ಬಿಡಬೇಡಿ, ಕೇಟ್ಟೋ?” ಅಂದರು. ಆ ಮೇಲಿನ ದಿನಗಳಲ್ಲಿ ನನ್ನ ಉಸಿರು ಸ್ವಲ್ಪ, ಅವರದು ಸ್ವಲ್ಪ, ಒಂದೇ ಗದ್ದೆಗೆ ಎರಡು ಕಡೆಯಿಂದ ನೀರು ಬಂದ ಹಾಗೆ ಸಾಗಿತು. ನಂತರ ಒಂದು ಬೆಳಗ್ಗೆ ಡಾಕ್ಟರು ಚೀಲ ಕಳಚಿದರು. ಕೊಳವೆ ಇನ್ನೂ ಗಂಟಲಲ್ಲೇ ಇತ್ತು. ಎಲ್ಲರೂ ನನ್ನ ಎದೆಯನ್ನೇ ನೋಡುತ್ತಾ ನಿಂತರು. ಅದು ಏರಿತು, ಇಳಿಯಿತು, ಮತ್ತೆ ಏರಿತು. ಅತ್ತೆ ನೆಲದ ಮೇಲೆ ಕೂತುಬಿಟ್ಟರು.

ಅದೇ ಮಧ್ಯಾಹ್ನ ನನ್ನ ರೆಪ್ಪೆ ತಾನಾಗಿ ಬಿಡಿಸಿಕೊಂಡಿತು. ಪೂರ್ತಿ ಅಲ್ಲ, ಒಂದು ಗೀಟಿನಷ್ಟು. ಕೋಣೆಯಲ್ಲಿ ಎಲ್ಲ ಮಸುಕು ಮಸುಕು. ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅತ್ತೆಯೂ ಯಜಮಾನರೂ ಉಣ್ಣಲು ಹೋಗಿದ್ದರು. ಮಂಚಕ್ಕೆ ತಲೆ ಆನಿಸಿ, ನೆಲದ ಮೇಲೆ ಕಾಲು ಚಾಚಿ ಜವರಮ್ಮ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ. ಅವಳ ಬಲಗೈ ಮಂಚದ ಅಂಚಿನ ಮೇಲಿತ್ತು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಆ ಕೈ ಮುಚ್ಚಿ ತೆರೆಯುತ್ತಿತ್ತು. ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು. ನಿದ್ದೆಯಲ್ಲೂ ಅವಳು ನನಗೆ ಒತ್ತುತ್ತಲೇ ಇದ್ದಳು.

ಸಾಕು ಕಣೆ ಅನ್ನೋಣ ಅಂದುಕೊಂಡೆ. ಕೊಳವೆ ಇದ್ದ ಗಂಟಲಲ್ಲಿ ದನಿ ಇರಲಿಲ್ಲ. ನನ್ನ ಕೈಯನ್ನು ಚಾದರದ ಮೇಲೆ ತೆವಳಿಸಿಕೊಂಡು ಹೋದೆ. ಒಂದು ಗೇಣು ದೂರಕ್ಕೆ ಎಷ್ಟು ಹೊತ್ತು ಹಿಡಿಯಿತೋ. ಕೊನೆಗೆ ನನ್ನ ಬೆರಳುಗಳು ಅವಳ ಅಂಗೈಯೊಳಗೆ ಸೇರಿದವು. ಅವಳು ಏಳಲಿಲ್ಲ. ಅವಳ ಕೈ ನನ್ನ ಬೆರಳುಗಳನ್ನು ಒಂದಷ್ಟು ಸಲ ಒತ್ತಿ ಬಿಟ್ಟಿತು. ಆಮೇಲೆ ನಿಂತಿತು.

ನಾನು ಉಸಿರಾಡುತ್ತಾ ಅವಳನ್ನು ನೋಡುತ್ತಿದ್ದೆ.